ಬೇಳೆ ಬೇಯದ ನೀರು

ಆಗಸ್ಟ್ ೫, ಮಂಗಳವಾರ. ಬೆಳಿಗ್ಗೆ ೯.೪೦

ಇವತ್ತು ಸತ್ತ ಮೀನು ಮೂರು. ಬಲೆಯಲ್ಲಿ ತೆಗೆದು ಅಂಗಡಿಯ ಹಿಂದಿನ ಪಪ್ಪಾಯಿ ಗಿಡದ ಬುಡಕ್ಕೆ ಹಾಕಿದೆ. ಒಂದಕ್ಕೆ ಬಾಲ ಇರಲಿಲ್ಲ. ಇನ್ನೊಂದಕ್ಕೆ ಒಂದು ಕಣ್ಣು. ಮೂರನೆಯದಕ್ಕೆ ಗಾಯವೇ ಇಲ್ಲ — ಹೆದರಿಯೇ ಸತ್ತಿರಬೇಕು. ಪಪ್ಪಾಯಿ ಮಾತ್ರ ಚೆನ್ನಾಗಿ ಬರುತ್ತಿದೆ.

ಈ ತೊಟ್ಟಿಗೆ ಅಂಗಡಿ ಮಾಲೀಕ ಸಿದ್ದಣ್ಣ ಇಟ್ಟ ಹೆಸರು ‘ಮಿಕ್ಸ್’. ಆಫ್ರಿಕಾದ್ದು, ಅಮೆರಿಕದ್ದು, ಬೆರಳುದ್ದದ್ದು, ಅಂಗೈಯಗಲದ್ದು... ಸಿಕ್ಲಿಡ್ ಜಾತಿಯ ಮೀನು ಅಂದರೆ ಸಾಕು, ಎಲ್ಲ ಒಂದೇ ತೊಟ್ಟಿ. ಮೊದಲ ಸಲ ಅಕ್ವೇರಿಯಂ ಇಡುವವರು ಬಂದರೆ ಬಣ್ಣಕ್ಕೊಂದರಂತೆ ಎಂಟು ಹಿಡಿದು ಕವರಿಗೆ ತುಂಬಿ ಕೊಡುವುದು. ಮನೆಗೆ ಹೋದ ಮೇಲೆ ಒಂದನ್ನೊಂದು ಹರಿದು ಹಾಕುತ್ತವೆ. ಜನ ಮತ್ತೆ ಬರುತ್ತಾರೆ. ಮತ್ತೆ ಎಂಟು.

ಇದು ವ್ಯಾಪಾರವಲ್ಲ, ಮೋಸ. ಮುಖದ ಮೇಲೇ ಹೇಳಿದೆ.

“ದುರ್ಗವ್ವ, ಭಾಷಣ ಆಮ್ಯಾಕೆ. ಮೊದ್ಲು ಗಾಜು ಒರ್ಸು” ಅಂದ ಸಿದ್ದಣ್ಣ.

ಗಾಜು ಒರೆಸಿದೆ. ಒರೆಸುತ್ತ ಭಾಷಣವನ್ನೂ ಮಾಡಿದೆ.

ಸಂಜೆ ೬.೧೫, ಕತ್ತಲಗೆರೆ ಬಸ್ಸಿನಲ್ಲಿ

ದಾವಣಗೆರೆಯ ಫುಟ್‌ಪಾತಿನಲ್ಲಿ ಕೊಂಡ ಕಿರುಹೊತ್ತಿಗೆಗಳು ಮೂವತ್ತೆರಡಾದವು. ಭೂಮಿ ಹಂಚಿಕೆ, ಗ್ರಾಹಕರ ಹಕ್ಕು, ಮೂಢನಂಬಿಕೆ, ಹೆಣ್ಣಿನ ದುಡಿಮೆ. ಎಲ್ಲವನ್ನೂ ಎರಡೆರಡು ಸಲ ಓದಿದ್ದೇನೆ. ಮೀನಿನ ಬಗ್ಗೆ ಒಂದೂ ಇಲ್ಲ. ಇಂಟರ್ನೆಟ್ಟಿನಲ್ಲಿ ಬೇಕಾದಷ್ಟಿದೆ, ಆದರೆ ಕನ್ನಡದಲ್ಲಿ, ಚನ್ನಗಿರಿಯಲ್ಲಿ ತೊಟ್ಟಿ ಇಡುವವರಿಗೆ ಅಂತ ಯಾರು ಬರೆದಿದ್ದಾರೆ?

ನಾನು ಬರೆಯುತ್ತೇನೆ. ಎರಡೇ ಪುಟ. ಹೆಸರು: ‘ಹೊಸಬರಿಗೆ ಸಿಕ್ಲಿಡ್ — ಅಂಗಡಿಯವರು ಹೇಳದ ಮಾತುಗಳು’.

ಆಗಸ್ಟ್ ೬, ಬುಧವಾರ. ಮಧ್ಯಾಹ್ನ ೩

ಬರೆದು ಮುಗಿಸಿದೆ. ಹತ್ತು ಅಂಶ. ನೂರು ಪ್ರತಿ ಜೆರಾಕ್ಸ್. ಸಿದ್ದಣ್ಣ ಕೌಂಟರಿನ ಮೇಲಿಂದ ಒಂದು ಎತ್ತಿಕೊಂಡು ತಲೆಬರಹ ಎರಡು ಸಲ ಓದಿದ.

“ಅಂಗಡಿಯವರು ಹೇಳದ ಮಾತುಗಳು... ಯಾವ ಅಂಗಡಿ ಇದು?”

“ಎಲ್ಲ ಅಂಗಡೀನೂ, ಸಿದ್ದಣ್ಣ.”

“ನಿಂಗೆ ಸಂಬಳ ಕೊಡೋ ಅಂಗಡಿನೂ?”

“ಅದೇ ಮೊದಲು.”

ಅಷ್ಟರಲ್ಲಿ ಸಾವಂತ್ರಮ್ಮ ಬಂದರು. ಬಸ್ ಸ್ಟ್ಯಾಂಡ್ ಹಿಂದೆ ರೊಟ್ಟಿ ಊಟದ ಖಾನಾವಳಿ ನಡೆಸುವವರು. ಹಣೆ ತುಂಬ ವಿಭೂತಿ, ಕೈಯಲ್ಲಿ ಜೋಳದ ಹಿಟ್ಟು ಹಾಗೇ ಇತ್ತು. ಬಾಗಿಲಲ್ಲೇ ಶುರು ಮಾಡಿದರು.

“ಸಿದ್ದಲಿಂಗೇಶ, ನೀ ಕೊಟ್ಟ ಮೀನು ಮೀನಲ್ಲಪ್ಪ, ರೌಡಿಗಳು! ಟಿವಿ ಹಾಕಿದ್ರೆ ಜನ ಊಟ ಬಿಟ್ಟು ರಾಜಕೀಯಕ್ಕೆ ಜಗಳ ಆಡ್ತಾರೆ ಅಂತ ಟಿವಿ ತೆಗ್ಸಿ ಮೀನಿಟ್ಟೆ. ಈಗ ಜನ ಸುಮ್ನೆ ಕುಂತಾರೆ, ಮೀನು ಜಗಳ ಆಡ್ತಾವೆ. ನಿನ್ನೆ ಒಂದು ಇನ್ನೊಂದರ ಹೊಟ್ಟೆ ಹರೀತು. ಮಂಡಿ ಗುಮಾಸ್ತರು ಅರ್ಧ ರೊಟ್ಟಿ ಬಿಟ್ಟು ಎದ್ದು ಹೋದ್ರು. ನನ್ನ ಖಾನಾವಳೀಲಿ ಇಪ್ಪತ್ತು ವರ್ಷದಾಗೆ ಯಾರೂ ಊಟ ಬಿಟ್ಟಿಲ್ಲ!”

ಈಗ ಒಂದೇ ಉಳಿದಿದೆಯಂತೆ, ಇನ್ನೊಂದರ ಹೊಟ್ಟೆ ಹರಿದ ಆ ರೌಡಿ. ಅದನ್ನು ವಾಪಸ್ ಕೊಡುತ್ತಾರೆ. ಇನ್ನೊಂದೇ ಸಲ ನೋಡುತ್ತಾರೆ. ಈ ಸಲವೂ ಹೊಡೆದಾಡಿದರೆ ತೊಟ್ಟಿಯಲ್ಲಿ ಈರುಳ್ಳಿ ತುಂಬಿಡುತ್ತಾರೆ.

“ಹೊಡೆದಾಡದ ಮೀನು ನಾನು ಆರಿಸಿ ಕೊಡ್ತೀನಿ ಕಣಮ್ಮ” ಅಂದೆ.

ಸಿದ್ದಣ್ಣ ನಕ್ಕ. “ಸಿಕ್ಲಿಡ್ ಹೊಡೆದಾಡದಂಗೆ ಇಡ್ತೀಯಾ? ಹಂಗಾದ್ರೆ ಕೇಳು. ಹತ್ತು ಮೀನು ಆರ್ಸು. ಆಯುಧ ಪೂಜೆ ದಿನ ಹೋಗಿ ಎಣಿಸಾಣ. ಹತ್ತು ಇದ್ರೆ ಮಿಕ್ಸ್ ತೊಟ್ಟಿ ತೆಗೆದು ಹಾಕ್ತೀನಿ, ನಿನ್ನ ಚೀಟಿ ಪ್ರತಿ ಕವರಿನ ಜೊತೆ ಕೊಡ್ತೀನಿ. ಒಂದು ಕಮ್ಮಿ ಆದ್ರೂ ನೀನು ಬಾಯಿ ಮುಚ್ಕೊಂಡು ಮಿಕ್ಸ್ ಮಾರಬೇಕು. ಆಗಬೋದಾ?”

“ಆಗಬೋದು.”

“ಸಾವಂತ್ರಮ್ಮ, ನೀವೇ ಸಾಕ್ಷಿ.”

“ನಂಗೆ ಸಾಕ್ಷಿ ಗೀಕ್ಷಿ ಗೊತ್ತಿಲ್ಲ. ಮೀನು ಕೊಡ್ರಿ, ಒಲೆ ಮ್ಯಾಲೆ ಪಲ್ಯ ಐತೆ.”

ಆಗಸ್ಟ್ ೭, ಗುರುವಾರ. ಬೆಳಿಗ್ಗೆ ೧೧

ಆಯ್ಕೆ. ಖಾನಾವಳಿಯ ತೊಟ್ಟಿ ನಾಲ್ಕು ಅಡಿ — ಜಾಗ ಸಾಕು.

ಫ್ಲವರ್ ಹಾರ್ನ್ — ಇಲ್ಲವೇ ಇಲ್ಲ. ತಲೆ ಮೇಲಿನ ಗುಬುಟು ಅದೃಷ್ಟವಂತೆ, ವಾಸ್ತುವಂತೆ. ಯಾರನ್ನೂ ಸೇರಿಸದೆ ಒಂದೇ ಬದುಕುವ ಜಮೀನ್ದಾರ. ಆಸ್ಕರ್ — ಚಿಕ್ಕವರೆಲ್ಲ ಅದಕ್ಕೆ ತಿಂಡಿ. ಏಂಜಲ್ — ಶಾಂತ, ಆದರೆ ಆಫ್ರಿಕಾದವು ಅದರ ಉದ್ದ ರೆಕ್ಕೆ ಕಚ್ಚಿ ಹಾಕುತ್ತವೆ.

ಉಳಿದದ್ದು: ಹಳದಿ ಲ್ಯಾಬ್, ಮತ್ತು ಕಂದು-ನೇರಳೆಯ ರಸ್ಟಿ. ಎರಡೂ ಆಫ್ರಿಕಾದ ಒಂದೇ ಸರೋವರದವು. ಅಳತೆ ಒಂದೇ, ಸ್ವಭಾವ ತಣ್ಣಗೆ. ಬಣ್ಣ ಬೇರೆ ಬೇರೆ, ಹಾಗಾಗಿ ಒಂದನ್ನು ಕಂಡು ಇನ್ನೊಂದು ತನ್ನ ಎದುರಾಳಿ ಅಂದುಕೊಳ್ಳುವುದಿಲ್ಲ.

ಮುಖ್ಯ ಮಾತು — ಜಗಳ ಮೀನಿನ ಗುಣ ಅಲ್ಲ, ಜಾಗದ ಹಂಚಿಕೆಯ ತಪ್ಪು. ತೊಟ್ಟಿಯಲ್ಲಿ ಒಂದೇ ಗುಹೆ ಇಟ್ಟರೆ ಅದನ್ನು ಹಿಡಿದವನು ಒಡೆಯ, ಉಳಿದವರು ಅಲೆಮಾರಿ. ಹತ್ತು ಮೀನಿಗೆ ಹದಿನೈದು ಗುಹೆ ಇಡಬೇಕು. ಕಲ್ಲು ನಾನೇ ತರುತ್ತೇನೆ. ಭೂಮಿ ಹಂಚಿಕೆ ಇಷ್ಟು ಸುಲಭ ಅಂತ ಆ ಕಿರುಹೊತ್ತಿಗೆ ಬರೆದವರಿಗೆ ಗೊತ್ತಿದ್ದರೆ!

ಆಗಸ್ಟ್ ೯, ಶನಿವಾರ. ರಾತ್ರಿ ೮

ಮೀನು ಬಿಟ್ಟು ಬಂದೆ. ಶಿವಮೊಗ್ಗದ ಬಸ್ಸಿನಲ್ಲಿ ಬಂದ ಪಾರ್ಸಲ್. ಒಂದೊಂದನ್ನೂ ನಾನೇ ನೋಡಿ ಹಿಡಿದೆ. ಹಳದಿ ಆರು, ರಸ್ಟಿ ನಾಲ್ಕು. ಬೆಳಿಗ್ಗೆಯೇ ಖಾನಾವಳಿಗೆ ಹೋಗಿ ಅವರ ಬೋರ್ ನೀರನ್ನು ತೊಟ್ಟಿಗೆ ತುಂಬಿ, ನಮ್ಮ ಹಳೇ ಫಿಲ್ಟರಿನ ಸ್ಪಂಜು ಹಾಕಿ, ಕಲ್ಲು ಜೋಡಿಸಿಟ್ಟಿದ್ದೆ.

ಹಳದಿಯಲ್ಲಿ ಗಂಡು ಒಂದೇ, ರಸ್ಟಿಯಲ್ಲೂ ಒಂದೇ ಅಂದಾಗ ಸಾವಂತ್ರಮ್ಮ ಒಪ್ಪಲಿಲ್ಲ.

“ಜೋಡಿ ಜೋಡಿ ಕೊಡವ್ವ. ಹಿಂಗೆ ಒಬ್ಬನಿಗೆ ಐದು ಜನ ಕಟ್ಟಿದ್ರೆ ನೋಡಿದೋರು ಏನಂತಾರೆ?”

“ಒಂದು ಗಂಡಿಗೆ ಒಂದೇ ಹೆಣ್ಣಾದ್ರೆ ದಿನಪೂರ್ತಿ ಅದನ್ನೇ ಅಟ್ಟಿಸ್ಕೊಂಡು ಹೋಗಿ ಸಾಯಿಸ್ತಾನೆ ಅಮ್ಮ. ಐದಿದ್ರೆ ಯಾರಿಗೂ ಜಾಸ್ತಿ ಏಟು ಬೀಳಲ್ಲ.”

“ಹೊಡೆಯಾಕೆ ಪುರುಸೊತ್ತು ಇಲ್ಲದಂಗೆ ಮಾಡೋದು ಅನ್ನು.”

ನನ್ನ ಸಿದ್ಧಾಂತಕ್ಕೆ ಇದು ಒಗ್ಗುವುದಿಲ್ಲ. ಆದರೆ ಮೀನಿಗೆ ಒಗ್ಗುತ್ತದೆ. ಇದರ ಬಗ್ಗೆ ಆಮೇಲೆ ಯೋಚಿಸಬೇಕು.

“ತಿನ್ನಾಕೆ ಏನು?” ಅಂತ ಕೇಳಿದರು. ಹೆಚ್ಚಾಗಿ ಪಾಚಿ, ಬೇಯಿಸಿದ ಪಾಲಕ್, ಪಾಚಿಯ ಕಾಳು ಅಂದೆ. ಮುಖ ಅರಳಿತು. ಊಟಕ್ಕೆ ಕೂತಿದ್ದ ತಿಪ್ಪೇರುದ್ರನ ಕಡೆ ತಿರುಗಿದರು. ಹೊನ್ನಾಳಿ ರೂಟಿನ ಕಂಡಕ್ಟರ್, ಜಗಳೂರು ಕಡೆಯವನು, ದಿನಾ ಒಂದೂವರೆಗೆ ಇಲ್ಲಿ ಊಟ.

“ಕೇಳಿದ್ಯಾ ತಿಪ್ಪೇರುದ್ರ? ನಮ್ಮ ಮೀನೂ ಸಸ್ಯಾಹಾರಿ.”

“ಹಂಗಾದ್ರೆ ಬೋರ್ಡ್ ಬದ್ಲಾಯಿಸ್ರಿ. ‘ಮೀನಿಗೆ ಊಟ ಸಿಗುತ್ತದೆ’ ಅಂತ ಬರೆಸ್ರಿ.”

ಚೀಟಿಯನ್ನು ಸಾವಂತ್ರಮ್ಮ ತೊಟ್ಟಿಯ ಪಕ್ಕದ ಗೋಡೆಗೆ ಅಂಟಿಸಿದರು. ಒಂದಕ್ಷರವೂ ಬಿಡದೆ ಹಾಗೇ ಮಾಡುತ್ತೇನೆ ಅಂದರು.

ಮನೆಯಲ್ಲಿ ಅವ್ವನಿಗೆ ಹೇಳಿದೆ. ಅವ್ವ ಲಕ್ಷ್ಮಮ್ಮ ರಾಗಿ ಕೇರುತ್ತಿದ್ದಳು. “ಮೀನಿನ ಸಾರು ಮಾಡಾಕೆ ಬರಲ್ಲ, ಮೀನಿನ ಸಂಸಾರ ನೆಟ್ಟಗೆ ಮಾಡಾಕೆ ಹೊಂಟಾಳೆ!”

ಆಗಸ್ಟ್ ೧೮, ಸೋಮವಾರ

ಖಾನಾವಳಿಗೆ ಹೋಗಿದ್ದೆ. ಒಂದೂ ಜಗಳ ಇಲ್ಲ. ಹಳದಿ ಗಂಡು ಒಂದು ಕಲ್ಲಿನ ಬಾಯಲ್ಲಿ, ರಸ್ಟಿ ಗಂಡು ಇನ್ನೊಂದರಲ್ಲಿ. ಗುಮಾಸ್ತರು ವಾಪಸ್ ಬಂದು ತೊಟ್ಟಿಯ ಎದುರೇ ಕೂರುತ್ತಾರೆ. ಬಣ್ಣ ಸ್ವಲ್ಪ ಮಂಕು ಅನಿಸಿತು. ಬೆಳಕಿನದಿರಬೇಕು.

ಗೆಲ್ಲುತ್ತೇನೆ. ಅನುಮಾನವೇ ಇಲ್ಲ.

ಆಗಸ್ಟ್ ೨೫, ಸೋಮವಾರ. ಮಧ್ಯಾಹ್ನ ೨

ಸಾವಂತ್ರಮ್ಮನ ಫೋನು. ಮೀನು ಕಲ್ಲಿನ ಸಂದಿಯಿಂದ ಹೊರಗೇ ಬರುತ್ತಿಲ್ಲವಂತೆ. ಓಡಿದೆ. ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ಕೂತಿವೆ. ಉಸಿರು ಜೋರು. ಹಳದಿಯೆಲ್ಲ ಬಿಳಚಿಕೊಂಡಿದೆ. ಒಂದು ರಸ್ಟಿ ಪಕ್ಕಕ್ಕೆ ವಾಲುತ್ತಿದೆ. ಮೈಮೇಲೆ ಗಾಯ ಒಂದೂ ಇಲ್ಲ.

ಜಗಳವಲ್ಲ. ಹಾಗಾದರೆ ರೋಗ. ರೋಗ ಅಂದರೆ ಅಂಗಡಿಯಿಂದ ಬಂದದ್ದು.

ಆಗಸ್ಟ್ ೨೬, ಮಂಗಳವಾರ. ೧೨.೩೦

ವಾಲುತ್ತಿದ್ದ ರಸ್ಟಿ ಸತ್ತಿತು. ಒಂಬತ್ತು.

ಸಿಟ್ಟು ತಡೆಯಲಾಗಲಿಲ್ಲ. ನ್ಯಾಮತಿಯಿಂದ ಬಂದ ಗಿರಾಕಿಯ ಎದುರೇ ಹೇಳಿದೆ: “ಪಂದ್ಯ ಗೆಲ್ಲಾಕೆ ರೋಗದ ಮೀನು ತರ್ಸಿದ್ರಿ, ಸಿದ್ದಣ್ಣ.”

ಗಿರಾಕಿ ಕೈಯಲ್ಲಿದ್ದ ಕವರನ್ನು ಮೆಲ್ಲಗೆ ಕೌಂಟರಿನ ಮೇಲೆ ಇಟ್ಟು ಹೊರಟುಹೋದ. ಸಿದ್ದಣ್ಣ ಕೂಗಾಡಲಿಲ್ಲ. ಅವನು ಕೂಗಾಡುವುದನ್ನೇ ಕಾಯುತ್ತಿದ್ದೆ.

“ಮೀನು ನೀನೇ ಹಿಡಿದಿದ್ದು. ಅದೇ ಪಾರ್ಸಲ್ಲಿನ ಮಿಕ್ಕಿದ್ದು ಆರನೇ ತೊಟ್ಟೀಲಿ ಅದಾವೆ. ಹೋಗಿ ನೋಡು.”

ನೋಡಿದೆ. ಚಿನ್ನದ ಹಾಗೆ ಹೊಳೆಯುತ್ತ ಈಜುತ್ತಿವೆ.

ಆಗಸ್ಟ್ ೨೭, ಬುಧವಾರ. ಚೌತಿ. ಸಂಜೆ ೪

ಬರೆಯಲೇಬೇಕು. ಯಾರೂ ಓದದಿದ್ದರೂ ಬರೆಯಬೇಕು.

ಹಬ್ಬ ಅಂತ ಖಾನಾವಳಿ ಮುಚ್ಚಿತ್ತು. ಹಿಂದಿನ ಬಾಗಿಲಿಂದ ಹೋದೆ. ಸಾವಂತ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೀಲಿ ಕ್ಯಾನಿನಿಂದ ತೊಟ್ಟಿಗೆ ನೀರು ಸುರಿಯುತ್ತಿದ್ದರು. ಪಕ್ಕದಲ್ಲಿ ಇನ್ನೂ ಮೂರು ಕ್ಯಾನು. ಇಪ್ಪತ್ತು ಲೀಟರಿನವು.

“ಏನದು ಅಮ್ಮ?”

“ಒಳ್ಳೆ ನೀರು.”

“ಯಾವ ಒಳ್ಳೆ ನೀರು?”

“ಅಯ್ಯ, ನೀನೇ ಬರ್ದಿದ್ದೀಯಲ್ಲ!” ಗೋಡೆಯ ಚೀಟಿ ತೋರಿಸಿದರು. ಐದನೇ ಅಂಶ. ‘ಆಗಾಗ ಒಳ್ಳೆಯ ನೀರು ಹಾಕಿ. ಎಷ್ಟು ಬದಲಿಸಿದರೆ ಅಷ್ಟು ಒಳ್ಳೆಯದು.’

ಚೀಟಿಯ ಕೆಳಗೇ, ಊಟಕ್ಕೆ ಬಂದವರು ಕುಡಿಯುವ ಡ್ರಮ್ಮು. ಅದರ ಮೇಲೆ ಬಣ್ಣದಲ್ಲಿ ಬರೆಸಿದ್ದಾರೆ: ಒಳ್ಳೆ ನೀರು.

ನಮ್ಮ ಕಡೆ ಒಳ್ಳೆ ನೀರು ಅಂದರೆ ಶುದ್ಧ ನೀರಿನ ಘಟಕದ ಫಿಲ್ಟರ್ ನೀರು. ಇನ್ನೊಂದು ಅರ್ಥವೇ ಇಲ್ಲ. ನಮ್ಮ ಮನೆಯಲ್ಲೂ ಹಾಗೇ ಅನ್ನುತ್ತೇವೆ. ಹುಟ್ಟಿದ ಊರಿನ ಮಾತು, ಅದನ್ನೇ ಮರೆತು ಪುಸ್ತಕದವರ ಹಾಗೆ ‘ಒಳ್ಳೆಯ’ ಅಂತ ಬರೆದೆ. ನನ್ನ ಲೆಕ್ಕದಲ್ಲಿ ಒಳ್ಳೆಯದು ಅಂದರೆ ಕೊಳಕಿಲ್ಲದ ಬೋರ್ ನೀರು. ಸಾವಂತ್ರಮ್ಮ ದಿನ ಬಿಟ್ಟು ದಿನ ನಾಲ್ಕು ಕ್ಯಾನು ಹೊತ್ತು ತಂದಿದ್ದಾರೆ. ಈ ಮೀನಿನ ಸರೋವರದ್ದು ಗಡಸು ನೀರು, ಸುಣ್ಣದ ಅಂಶ ತುಂಬಿದ್ದು. ಫಿಲ್ಟರ್ ಮಷೀನು ಅದನ್ನೆಲ್ಲ ತೆಗೆದುಹಾಕುತ್ತದೆ. ಎರಡು ವಾರದಲ್ಲಿ ತೊಟ್ಟಿಯ ಪೂರ್ತಿ ನೀರು ಬದಲಾಗಿ ಹುಳಿಗೆ ತಿರುಗಿದೆ.

“ಬೋರ್ ನೀರು ಹಾಕಬೇಕಿತ್ತು ಅಮ್ಮ.”

“ಥೂ, ಆ ನೀರಾ? ಅದ್ರಾಗೆ ಬ್ಯಾಳೆನೇ ಬೇಯಲ್ಲ! ಒಂದು ಸಿಲಿಂಡರ್ ಸುಟ್ರೂ ಕಲ್ಲಿನಂಗೆ ಇರ್ತಾವೆ. ಪಾತ್ರೆಗೆಲ್ಲ ಬಿಳೀ ಸುಣ್ಣ. ಅಂಥಾ ನೀರು ಮನೆಗೆ ಬಂದೋರಿಗೆ ಕೊಡ್ತಾರೇನವ್ವ?”

“ಬ್ಯಾಳೆ ಬೇಯದ ನೀರೇ ಇವಕ್ಕೆ ಬೇಕು.”

ಅವರು ಕ್ಯಾನು ಕೆಳಗಿಟ್ಟರು. “ಸೊಂಟ ಮುರ್ಕೊಂಡು ತಂದೆ ಕಣೆ. ಊಟಕ್ಕೆ ಬಂದೋರಿಗೆ ಏನು ಕೊಡ್ತೀನೋ ಅದನ್ನೇ ಕೊಟ್ಟೆ. ನಾನೇ ಸಾಯಿಸಿದೆನಾ ಹಂಗಾದ್ರೆ?”

“ಇಲ್ಲ. ನಾನು.”

ಒಂದೇ ಸಲ ಬೋರ್ ನೀರು ತುಂಬಿದರೆ ಉಳಿದವೂ ಸಾಯುತ್ತವೆ. ದಿನಕ್ಕೆ ಎರಡೇ ಕೊಡ. ಮೊದಲ ಎರಡನ್ನು ನಾನೇ ಹೊತ್ತು ಹಾಕಿದೆ.

ಆಗಸ್ಟ್ ೨೮, ಗುರುವಾರ. ಬೆಳಿಗ್ಗೆ ೧೦

ಸಿದ್ದಣ್ಣನ ಹತ್ತಿರ ತಪ್ಪೊಪ್ಪಿಕೊಂಡೆ. ಗಿರಾಕಿಗಳಿದ್ದಾಗಲೇ. ಆರೋಪ ಎಲ್ಲರೆದುರು ಮಾಡಿ ಕ್ಷಮೆ ಮೂಲೆಯಲ್ಲಿ ಕೇಳಬಾರದು. ನ್ಯಾಮತಿಯವನು ಇನ್ನೊಮ್ಮೆ ಬಂದರೆ ಅವನಿಗೂ ಹೇಳುತ್ತೇನೆ.

ಪೂರ್ತಿ ಕೇಳಿಸಿಕೊಂಡ. ಮೀಸೆಯಲ್ಲೇ ನಗು. “ಅಂತೂ ನಿನ್ನ ಬ್ಯಾಳೆ ಬೇಯಲಿಲ್ಲ ಅನ್ನು.”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ.

“ಸೋತೆ ಸಿದ್ದಣ್ಣ. ಒಂದು ಕಮ್ಮಿ.”

“ಆಯುಧ ಪೂಜೆ ಇನ್ನೂ ದೂರ ಐತೆ.”

“ಸತ್ತಿದ್ದು ಎದ್ದು ಬರಲ್ಲ.”

ಮಧ್ಯಾಹ್ನವೆಲ್ಲ ಉಳಿದ ಪ್ರತಿಗಳ ಮೇಲೆ ಕೂತೆ. ಎಂಬತ್ತಾರು. ಒಂದೊಂದರಲ್ಲೂ ಐದನೇ ಅಂಶ ಹೊಡೆದು ಹಾಕಿ ಕೈಯಲ್ಲೇ ಬರೆದೆ: ‘ಲ್ಯಾಬ್, ರಸ್ಟಿಗೆ ಬೇಳೆ ಬೇಯದ ನೀರನ್ನೇ ಹಾಕಿ. ವಾರಕ್ಕೊಮ್ಮೆ, ಕಾಲು ಭಾಗ ಮಾತ್ರ.’ ತಲೆಬರಹವನ್ನೂ ತಿದ್ದಿದೆ. ‘ಅಂಗಡಿಯವರು ಹೇಳದ’ ಇದ್ದ ಕಡೆ ‘ನಾವು ತಪ್ಪಿ ಕಲಿತ’.

ಸೆಪ್ಟೆಂಬರ್ ೪, ಗುರುವಾರ

ರೆಕ್ಕೆ ಬಿಚ್ಚಿವೆ. ಹಳದಿ ಮತ್ತೆ ಹಳದಿ. ಪಾಲಕ್ ಹಾಕಿದರೆ ಮುಗಿಬೀಳುತ್ತವೆ. ಸಾವಂತ್ರಮ್ಮ ತೊಟ್ಟಿಯ ಪಕ್ಕ ಬೋರ್ ನೀರಿನ ಕೊಡ ಇಟ್ಟು ಸುಣ್ಣದಲ್ಲಿ ಬರೆದಿದ್ದಾರೆ: ಮೀನಿನ ಒಳ್ಳೆ ನೀರು.

ಸೆಪ್ಟೆಂಬರ್ ೧೦, ಬುಧವಾರ. ೨.೧೫

ಮತ್ತೆ ಫೋನು. ದೊಡ್ಡ ಹಳದಿ ಹೆಣ್ಣು ಮೂರು ದಿನದಿಂದ ಊಟ ಬಿಟ್ಟಿದೆ. ಈ ಸಲ ಏನು ಬರೆದು ಸಾಯಿಸಿದೆನೋ!

ಸಾವಂತ್ರಮ್ಮನ ಮುಖ ಬಾಡಿತ್ತು. “ಪಾಲಕ್ ಕೊಟ್ಟೆ, ಕಾಳು ಕೊಟ್ಟೆ. ಬಟಾಣಿ ಸುಲಿದು ಕೊಟ್ಟೆ. ಬಾಯೇ ತೆರೀವಲ್ದು. ಎಲ್ಲ ಉಣ್ತಾವೆ, ಇದೊಂದು ಮೂಲೆ ಹಿಡಿದೈತೆ.”

“ಸಾರಿಗೆ ಉಪ್ಪು ಜಾಸ್ತಿ ಆಗೈತೇನೋ, ಕೇಳ್ನೋಡ್ರಿ” ಅಂದ ತಿಪ್ಪೇರುದ್ರ.

“ನೀ ಸುಮ್ನೆ ಉಣ್ಣಪ್ಪ.”

ಗಾಜಿಗೆ ಕಣ್ಣಿಟ್ಟು ಕೂತೆ. ಮೈ ಚೆನ್ನಾಗಿದೆ. ರೆಕ್ಕೆ ಬಿಚ್ಚಿಯೇ ಇದೆ. ಉಸಿರು ನಿಧಾನ. ಗಂಟಲು ಮಾತ್ರ ಕೆಳಗೆ ಇಳಿಬಿದ್ದಿದೆ, ಚೀಲದ ಹಾಗೆ. ಆಗಾಗ ಏನನ್ನೋ ಅಗಿದ ಹಾಗೆ ದವಡೆ ಆಡಿಸುತ್ತದೆ. ನುಂಗುವುದಿಲ್ಲ.

ಆಗ ಹೊಳೆಯಿತು. ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ.

“ಅಮ್ಮ, ಇದಕ್ಕೆ ಕಾಯಿಲೆ ಇಲ್ಲ. ಬಾಯಲ್ಲಿ ಮೊಟ್ಟೆ ಇಟ್ಕೊಂಡೈತೆ. ಮರಿ ಆಗೋವರೆಗೂ ಬಾಯಲ್ಲೇ. ಮೂರು ವಾರ ಏನೂ ತಿನ್ನಲ್ಲ.”

ಸಾವಂತ್ರಮ್ಮ ಸೆರಗಿನಿಂದ ಗಾಜು ಒರೆಸಿದರು. “ಮೂರು ವಾರ ಉಪವಾಸನಾ? ಅದೂ ನನ್ನ ಖಾನಾವಳೀಲಿ!” ಸ್ವಲ್ಪ ತಡೆದು, “ಆಗ್ಲಿ. ಇದೊಂದಕ್ಕೆ ಮಾಫಿ.”

ಸೆಪ್ಟೆಂಬರ್ ೧೨, ಶುಕ್ರವಾರ. ಮಧ್ಯಾಹ್ನ

ಸಿದ್ದಣ್ಣನಿಗೆ ಹೇಳಿದೆ. ಕುರ್ಚಿಯಿಂದ ಎದ್ದೇಬಿಟ್ಟ.

“ಹಂಗಾದ್ರೆ ಆಯುಧ ಪೂಜೆಗೆ ಹತ್ತಾಗ್ತಾವಲ್ಲ!”

“ಮರಿ ಲೆಕ್ಕಕ್ಕೆ ಬರಲ್ಲ. ನಾನೊಂದನ್ನ ಕೊಂದೀನಿ. ಅದು ಲೆಕ್ಕದಲ್ಲಿ ಇರಬೇಕು.”

“ನಾನು ಹತ್ತು ಮೀನು ಅಂದೆ. ಯಾವ ಹತ್ತು ಅಂದಿಲ್ಲ.”

“ನಿಮ್ಮ ಮಾತಿನ ಅರ್ಥ ಅದಲ್ಲ.”

“ನನ್ನ ಮಾತಿನ ಅರ್ಥ ನೀ ಹೇಳ್ತೀಯಾ? ನಿನ್ನ ಮಾತಿನ ಅರ್ಥ ಸಾವಂತ್ರಮ್ಮಂಗೆ ತಿಳಿದಿದ್ದು ನೋಡಿದೀವಲ್ಲ.” ಆಮೇಲೆ ತಲೆ ಕೆರೆದುಕೊಂಡ. “ಗೆಲ್ಲಾಕೂ ಹಠ, ಸೋಲಾಕೂ ಹಠ. ಎಂಥಾಕೆನಪ್ಪ ಇವಳು.”

ಸೆಪ್ಟೆಂಬರ್ ೨೨, ಸೋಮವಾರ

ಹೊನ್ನಾಳಿಯಿಂದ ಗಂಡ ಹೆಂಡತಿ ಬಂದಿದ್ದರು. ಹೆಂಗಸು ಕೇಳಿದ್ದು ನೇರವಾಗಿ: “ಬ್ಯಾಳೆ ಬೇಯದ ನೀರಾಗೆ ಬದುಕೋ ಮೀನು ಐತಂತಲ್ಲ, ಅದನ್ನ ಕೊಡ್ರಿ.” ತಿಪ್ಪೇರುದ್ರ ಟಿಕೆಟ್ ಹರಿಯುತ್ತ ಬಸ್ಸಿನಲ್ಲೆಲ್ಲ ಹೇಳಿದ್ದಾನೆ.

ತೊಟ್ಟಿಯ ಅಳತೆ ಕೇಳಿದೆ. ಎರಡಡಿ. ಸಾಲದು, ಮೂರೂವರೆಯಾದರೂ ಬೇಕು, ಈಗ ಮೀನು ಕೊಡುವುದಿಲ್ಲ ಅಂದೆ. ಸಿದ್ದಣ್ಣ ದೊಡ್ಡ ತೊಟ್ಟಿಯ ಬೆಲೆ ಹೇಳಿದ.

ಮಿಕ್ಸ್ ತೊಟ್ಟಿಗೆ ಎರಡು ವಾರದಿಂದ ಹೊಸ ಮೀನು ಬಂದಿಲ್ಲ. ಕೇಳಿದರೆ “ಪಾರ್ಸಲ್ ಬರ್ಲಿಲ್ಲ” ಅನ್ನುತ್ತಾನೆ. ಉಳಿದ ಪಾರ್ಸಲ್ಲೆಲ್ಲ ಬಂದಿವೆ.

ಸೆಪ್ಟೆಂಬರ್ ೨೯, ಸೋಮವಾರ

ತಾಯಿಮೀನು ಸೊರಗಿದ್ದಾಳೆ. ಹೊಟ್ಟೆ ಒಳಗೆ ಹೋಗಿದೆ. ಬಾಯಿ ಮಾತ್ರ ಬಿಟ್ಟಿಲ್ಲ. ಒತ್ತಿ ಬಾಯಿ ತೆರೆಸಿ ಮರಿ ತೆಗೆಯುವವರಿದ್ದಾರೆ. ನಾನು ಮುಟ್ಟುವುದಿಲ್ಲ. ಒಂದು ಬಲೆಯ ಪೆಟ್ಟಿಗೆಯನ್ನು ತೊಟ್ಟಿಯೊಳಗೇ ಇಳಿಬಿಟ್ಟು, ಒಳಗೆ ಎರಡು ಕಲ್ಲಿಟ್ಟು ಅವಳನ್ನು ಅದರಲ್ಲಿ ಬಿಟ್ಟೆ. ಹೆರಿಗೆಗೆ ತವರು ಅಂದರು ಸಾವಂತ್ರಮ್ಮ.

ಅಕ್ಟೋಬರ್ ೧, ಬುಧವಾರ. ಆಯುಧ ಪೂಜೆ. ಬೆಳಿಗ್ಗೆ ೧೦

ಅಂಗಡಿ ತೊಳೆದು ಬಾಳೆಕಂದು ಕಟ್ಟಿದ್ದಾರೆ. ಮೇಜಿನ ಮೇಲೆ ಸಾಲಾಗಿ ಬಲೆಗಳು, ಕತ್ತರಿ, ಪೈಪು, ಆಕ್ಸಿಜನ್ ಸಿಲಿಂಡರಿನ ಚಾವಿ. ಎಲ್ಲಕ್ಕೂ ವಿಭೂತಿ, ಕುಂಕುಮ, ಒಂದೊಂದು ಚೆಂಡು ಹೂವು. ಪೂಜೆಯಲ್ಲಿ ನನಗೆ ನಂಬಿಕೆ ಇಲ್ಲ. ಹೋದ ವರ್ಷ ಇದೇ ದಿನ ಇಲ್ಲೇ ವಾದ ಮಾಡಿದ್ದೆ. ಈ ವರ್ಷವೂ ಮಾಡಬೇಕಂತಿದ್ದೆ.

ಸಾಲಿನ ಕೊನೆಯಲ್ಲಿ ನನ್ನ ಚೀಟಿಗಳ ಕಟ್ಟು. ದಾರ ಸುತ್ತಿದೆ. ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ‘ನಾವು ತಪ್ಪಿ ಕಲಿತ’ ಅನ್ನುವುದರ ಮೇಲೇ ಹೂವು.

ಮಿಕ್ಸ್ ತೊಟ್ಟಿ ಖಾಲಿ. ತೊಳೆದು ಬೋರಲು ಹಾಕಿದ್ದಾನೆ.

ವಾದ ಮಾಡಲಿಲ್ಲ.

“ಪಂದ್ಯ ಇನ್ನೂ ಎಣಿಸಿಲ್ಲ, ಸಿದ್ದಣ್ಣ.”

“ಗೊತ್ತೈತೆ. ನಡಿ, ಎಣಿಸಾಣ. ಲೆಕ್ಕ ಲೆಕ್ಕನೇ.”

೧೧.೨೦, ಖಾನಾವಳಿ

ಖಾನಾವಳಿಗೆ ರಜೆ. ನಮಗೆ ಮಾತ್ರ ಎಲೆ ಹಾಕಿದ್ದಾರೆ, ಹೋಳಿಗೆ ಊಟ. ತಿಪ್ಪೇರುದ್ರ ಬಸ್ಸಿಗೆ ಪೂಜೆ ಮಾಡಿಸಿ ನೇರ ಬಂದಿದ್ದಾನೆ.

ದೊಡ್ಡವು ಒಂಬತ್ತು. ಸಿದ್ದಣ್ಣ ಎರಡು ಸಲ ಎಣಿಸಿದ. ಆಮೇಲೆ ಪೆಟ್ಟಿಗೆಯ ಹತ್ತಿರ ಬಗ್ಗಿದ. ಕಲ್ಲಿನ ಕೆಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಕಣ್ಣುಗಳು, ಕಣ್ಣಿನ ಹಿಂದೆ ಒಂದಿಷ್ಟು ಬಾಲ. ಮರಿ ಬಿಟ್ಟಿದ್ದಾಳೆ!

“ಹತ್ತು, ಹನ್ನೊಂದು, ಹನ್ನೆರಡು...” ಬೆರಳನ್ನು ಗಾಜಿಗೆ ಹಚ್ಚಿದ.

ತಾಯಿ ತಿರುಗಿದಳು. ಬಾಯಿ ತೆರೆದಳು. ಎಲ್ಲ ಒಳಗೆ.

“ಮತ್ತೆ ಒಂಬತ್ತು” ಅಂದೆ.

“ಏಯ್, ಹನ್ನೆರಡು ನಾನೇ ಕಂಡೀನಿ!”

“ನಿಮ್ಮ ಬೆರಳು ನೋಡಿ ನನಗೇ ಹೆದ್ರಿಕೆ ಆತು, ಇನ್ನ ಬಾಣಂತಿಗೆ ಆಗಲ್ವ?” ಅಂದ ತಿಪ್ಪೇರುದ್ರ.

ಸಾವಂತ್ರಮ್ಮ ಎಲೆಗೆ ಹೋಳಿಗೆ ಬಡಿಸಿ ತುಪ್ಪ ಸುರಿದರು. “ಎಲ್ಲಾರೂ ಸುಮ್ನೆ ಕುಂತ್ಕೊಂಡು ಉಣ್ರಿ. ಯಾರೂ ಅಲುಗಾಡಬ್ಯಾಡ್ರಿ. ಜಗಳ ಬ್ಯಾಡ. ತಾನೇ ಬಿಡ್ತಾಳೆ.”

ಉಣ್ಣುತ್ತ ಕಾಯುತ್ತಿದ್ದೇವೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಬಲಗೈ ತುಂಬ ತುಪ್ಪ. ಸತ್ತ ರಸ್ಟಿ ಲೆಕ್ಕದಿಂದ ಬಿಟ್ಟುಹೋಗಬಾರದು ಅಂತ ಸಿದ್ದಣ್ಣನಿಗೆ ಇನ್ನೊಮ್ಮೆ ಹೇಳಬೇಕು, ಊಟ ಆದ ಮೇಲೆ. ದವಡೆ ಆಡಿಸುತ್ತಿದ್ದಾಳೆ... ಕಲ್ಲಿನ ಹತ್ತಿರ ಹೋದಳು. ಬಾಯಿ ಸ್ವಲ್ಪ ತೆ—